ಏಳದ ಬೀಜಗೆಡ್ಡೆ

ಹಾಸನದ ಸೀಮೆಯಲ್ಲಿ ಆಲೂಗಡ್ಡೆ ಮೊಳೆಯುವುದನ್ನು ನಿಲ್ಲಿಸಿದ ವರ್ಷ, ಅದನ್ನು ಮೊದಲು ಕಂಡವಳು ಹೊಂಬಾಳಮ್ಮ, ನಂಬಿದವಳು ಭಾನುಮತಿ. ಉಳಿದವರಿಗೆ ಅದನ್ನು ನೋಡುವ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಹದಮಳೆ ಬಿದ್ದು ಬಸವನಕೊಪ್ಪಲಿನ ಹೊಲಗಳು ಸಾಲು ಹೊಡೆಸಿಕೊಂಡು ಕಾಯುತ್ತಿದ್ದವು. ಹೊಂಬಾಳಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯ ಬಾಗಿಲು ತೆಗೆದು, ಗೋಣಿತಾಟಿನ ಮೇಲೆ ಹರವಿದ್ದ ಬೀಜದ ಗೆಡ್ಡೆಗಳನ್ನು ಕಾಲಿನಿಂದ ಸರಿಸಿ ತೋರಿಸಿದಳು.

"ಎಬ್ಬಿಸೋ ನೀರಲ್ಲಿ ಅದ್ದಿ ಹದಿನೈದು ದಿನದ ಮೇಲಾಯ್ತು ಮೇಡಮ್. ಹೋದ್ಸಲ ಇಷ್ಟೊತ್ತಿಗೆ ಕೋಳಿಮರಿ ಕೊಕ್ಕಿದ್ದಂಗೆ ಮೊಳಕೆ ಬಂದಿದ್ವು. ಈಗ ನೋಡಿ, ಹೊಳೆಕಲ್ಲು ಬಿದ್ದಿದ್ದಂಗೆ ಬಿದ್ದವೆ."

ಭಾನುಮತಿ ಕೂತು ಒಂದು ಗೆಡ್ಡೆಯನ್ನು ಕೈಗೆತ್ತಿಕೊಂಡಳು. ಸುಕ್ಕಿಲ್ಲ, ಕೊಳೆತಿಲ್ಲ. ನೆನ್ನೆ ಕಿತ್ತದ್ದರಂತೆ ಗಟ್ಟಿಯಾಗಿತ್ತು. ಕಣ್ಣುಗಳು ಮಾತ್ರ ಒಳಗೆ ಸೇರಿಕೊಂಡು ಮುಚ್ಚಿಹೋಗಿದ್ದವು. ಚಾಕುವಿನಿಂದ ಸೀಳಿ ನೋಡಿದಳು. ಒಳಗೆ ಬೆಣ್ಣೆಯ ಬಣ್ಣ, ಒಳ್ಳೆಯ ವಾಸನೆ. ಸಾರಿಗೆ ಹಾಕುವುದಾದರೆ ಇದಕ್ಕಿಂತ ಒಳ್ಳೆಯ ಆಲೂಗಡ್ಡೆ ಸಿಕ್ಕುವುದಿಲ್ಲ. ಬಿತ್ತುವುದಕ್ಕೆ ಮಾತ್ರ ಅದು ಕಲ್ಲೇ.

"ಎರಡನೇ ಸಲ ಅದ್ದಿದ್ರಾ?"

"ಎರಡಲ್ಲ, ಮೂರು. ನಿಮ್ಮ ಆಫೀಸಿನವರೇ ಬಂದು ಅದ್ದಿದ್ರು. ಏಳಲಿಲ್ಲ ಅಂದ್ರೆ ಇನ್ನೊಂದಪ ಅದ್ದಿ ಅಂದ್ರು. ನಾನೇನು ಬಟ್ಟೆಗೆ ನೀಲಿ ಹಾಕ್ತಿದೀನಾ?"

ಭಾನುಮತಿ ಸೀಳಿದ ಗೆಡ್ಡೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಅವಳು ಗೆಡ್ಡೆ ಬೆಳೆ ಕೇಂದ್ರದಲ್ಲಿ ಮಣ್ಣಿನ ವಿಜ್ಞಾನಿ. ಆರೇಳು ವರ್ಷದ ಹಿಂದೆ ಈ ಕೇಂದ್ರವೇ 'ತ್ರಿಧಾರಾ' ಎಂಬ ವ್ಯವಸ್ಥೆಯನ್ನು ಊರೂರಿಗೆ ತಂದಿತ್ತು. ಊರಿಗೊಂದು ತೊಟ್ಟಿ, ಅದಕ್ಕೆ ಮೂರು ಕೊಳವೆ. ಒಂದರಲ್ಲಿ ಸೋಸಿದ ಕೊಟ್ಟಿಗೆ ಗೊಬ್ಬರದ ರಸ, ಇನ್ನೊಂದರಲ್ಲಿ ಕರಗಿಸಿದ ರಸಗೊಬ್ಬರ, ಮೂರನೆಯದರಲ್ಲಿ ಗಿಡದ ಬೆಳವಣಿಗೆಯನ್ನು ತಿದ್ದುವ ಚೋದಕ. ಮಣ್ಣಿನ ಹದ ಅಳೆಯಲು ಹೊಲದಲ್ಲಿ ನೆಟ್ಟ ಮಣ್ಣುಮುಳ್ಳುಗಳು ಕಳಿಸುವ ಸುದ್ದಿಯನ್ನು ನೋಡಿಕೊಂಡು ಹಾಸನದ ನಿಯಂತ್ರಣ ಕೊಠಡಿ ಪ್ರತಿ ಹೊಲಕ್ಕೂ ಬೇರೆ ಬೇರೆ ಅಳತೆಯಲ್ಲಿ ಮೂರನ್ನೂ ಬೆರೆಸಿ ಬಿಡುತ್ತಿತ್ತು. ರೈತರ ಬಾಯಲ್ಲಿ ತ್ರಿಧಾರಾ 'ಮೂರ್ನಲ್ಲಿ' ಆಯಿತು.

ಮೂರ್ನಲ್ಲಿ ಬಂದಮೇಲೆ ಬೆಳೆ ಹೆಚ್ಚಿದ್ದು ಸುಳ್ಳಲ್ಲ. ಚೋದಕದ ಮೊದಲ ಹನಿ ಗಿಡದ ಸೊಪ್ಪಿನ ಸೊಕ್ಕನ್ನು ಅಡಗಿಸಿ ಸತ್ವವನ್ನೆಲ್ಲ ಗೆಡ್ಡೆಗೆ ಇಳಿಸುತ್ತಿತ್ತು. ಕೀಳುವ ಮುಂಚೆ ಬಿಡುವ ಕೊನೆಯ ಹನಿಗೆ 'ಸುಪ್ತಿ' ಎಂದು ಹೆಸರು. ಅದು ಗೆಡ್ಡೆಯನ್ನು ಮಲಗಿಸುತ್ತಿತ್ತು. ಮಲಗಿದ ಗೆಡ್ಡೆ ಶೈತ್ಯಾಗಾರವಿಲ್ಲದೆ, ಮನೆಯ ಮೂಲೆಯಲ್ಲಿ ವರ್ಷವಿಡೀ ಮೊಳೆಯದೆ, ಬಾಡದೆ ಇರುತ್ತಿತ್ತು. ಬಿತ್ತನೆಗೆ ಬೇಕಾದಾಗ ಎಬ್ಬಿಸುವ ನೀರಲ್ಲಿ ಅದ್ದಿದರೆ ಸಾಕು, ವಾರದೊಳಗೆ ಕಣ್ಣು ಬಿಡುತ್ತಿತ್ತು. ಉತ್ತರದಿಂದ ಲಾರಿಗಟ್ಟಲೆ ಬಿತ್ತನೆಗೆಡ್ಡೆ ತರಿಸಿ, ಅದರ ಜೊತೆಗೆ ಅಂಗಮಾರಿ ರೋಗವನ್ನೂ ತರಿಸಿಕೊಳ್ಳುತ್ತಿದ್ದ ಜನ ಈಗ ತಮ್ಮ ಬೀಜವನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಶೈತ್ಯಾಗಾರಗಳನ್ನು ಬಿಚ್ಚಿ ಮಾರಿ ಆಗಿತ್ತು. ಹಳೇ ಬೀಜದ ವ್ಯಾಪಾರಿಗಳು ಬೇರೆ ಕಸುಬು ಹಿಡಿದಿದ್ದರು. ಈಗ ಗೆಡ್ಡೆ ಏಳದೆ ಹೋದರೆ ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲ.

ಮಾರನೆಯ ದಿನ ಅವಳು ನಿಯಂತ್ರಣ ಕೊಠಡಿಗೆ ಹೋದಳು. ಗೋಡೆ ತುಂಬ ಜಿಲ್ಲೆಯ ನಕ್ಷೆ. ಒಂದೊಂದು ಹೊಲವೂ ಒಂದೊಂದು ಚೌಕ, ಎಲ್ಲವೂ ಹಸಿರು. ಕೊಠಡಿ ನೋಡಿಕೊಳ್ಳುತ್ತಿದ್ದ ನಸ್ರೀನ್ ಎಂಬ ಎಂಜಿನಿಯರ್ ಬಸವನಕೊಪ್ಪಲನ್ನು ದೊಡ್ಡದು ಮಾಡಿ ತೋರಿಸಿದಳು.

"ನೋಡಿ ಮೇಡಮ್, ಹೊಂಬಾಳಮ್ಮನ ಹೊಲ ಊರಿಗೇ ಮೊದಲನೇದು. ಗೊಬ್ಬರ ಚೆನ್ನಾಗಿದೆ, ತೂಕ ಚೆನ್ನಾಗಿದೆ, ಮನೇಲಿಟ್ಟ ಗೆಡ್ಡೆ ಒಂದೂ ಹಾಳಾಗಿಲ್ಲ."

"ಮೊಳೆತಿಲ್ಲ ಅನ್ನೋದು ಎಲ್ಲಿ ಕಾಣ್ಸುತ್ತೆ?"

ನಸ್ರೀನ್ ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಹಸಿರಲ್ಲೇ ಕಾಣ್ಸುತ್ತೆ. ಮೊಳೀಲಿಲ್ಲ ಅಂದ್ರೆ ಚೆನ್ನಾಗಿ ಉಳೀತು ಅಂತ ಲೆಕ್ಕ. ಮೊಳೆತರೆ ಕೆಂಪು. ಹಾಗೇ ಬರೆದಿರೋದು."

ಭಾನುಮತಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೊಂಬಾಳಮ್ಮನ ಮನೆಯದಷ್ಟೇ ಅಲ್ಲ, ನಾಲ್ಕು ತಾಲ್ಲೂಕಿನ ಬೀಜ ಏಳದೆ ಬಿದ್ದಿದ್ದರೆ, ಗೋಡೆ ಅದಕ್ಕೆ ಶಹಬ್ಬಾಸ್ ಹೇಳುತ್ತ ನಿಂತಿತ್ತು.

ನಿರ್ದೇಶಕರಾದ ಡಾಕ್ಟರ್ ಚಂದ್ರಮೌಳಿ ಕೆಟ್ಟವರಲ್ಲ. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಕಾಫಿ ತರಿಸಿದರು. "ಎಬ್ಬಿಸೋ ನೀರಿನ ಸಾಂದ್ರತೆ ಸ್ವಲ್ಪ ಹೆಚ್ಚಿಸೋಣ. ಮಳೆ ಒಂದೊಂದು ವರ್ಷ ಹೀಗೆ ಮಾಡುತ್ತೆ. ನೀವು ಸುಮ್ಮನೆ ತಲೆ ಕೆಡಿಸ್ಕೋಬೇಡಿ ಭಾನುಮತಿ."

"ಸಾರ್, ಮೂರು ಸಲ ಅದ್ದಿದಾರೆ. ಸುಪ್ತಿ ಒಂದು ಮಳೆಗಾಲದಲ್ಲಿ ಮಣ್ಣಲ್ಲಿ ಕರಗಿ ಹೋಗ್ಬೇಕು. ಹೋಗ್ತಾ ಇಲ್ಲ ಅಂತ ನನ್ನ ಅನುಮಾನ."

"ಪರೀಕ್ಷೆ ಮಾಡಿಯೇ ಬಿಟ್ಟಿದ್ದಲ್ವಾ? ನೀವೂ ಇದ್ರಿ."

ಅದು ನಿಜ. ಅವಳೂ ಇದ್ದಳು. ಅದಕ್ಕೇ ಅವಳಿಗೆ ಮೈ ಉರಿಯುತ್ತಿದ್ದದ್ದು.

ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಅವಳ ಅತ್ತೆ ದೇವೀರಮ್ಮನಿಗೆ ವಾರಕ್ಕೊಮ್ಮೆ ಮೊಳಕೆ ಹುರುಳಿಯ ಸಾರು, ಮುದ್ದೆ ಆಗಲೇಬೇಕು. ಆ ದಿನ ಬೆಳಗ್ಗೆ ಬಟ್ಟೆಯ ಗಂಟು ಬಿಚ್ಚಿದ ಮುದುಕಿ ಗೊಣಗುತ್ತಿದ್ದಳು.

"ಮೂರು ದಿನ ಆಯ್ತು ಕಟ್ಟಿ. ಒಂದು ಕಾಳೂ ಬಾಯಿ ಬಿಟ್ಟಿಲ್ಲ. ನೆಂದು ಉಬ್ಬಿ ಹಂಗೇ ಕೂತವೆ. ಹುಳುಕು ಹುರುಳಿ ಕೊಟ್ಟವ್ರೆ ಯಾರೋ."

ಭಾನುಮತಿಯ ಗಂಡ ಜಯಶೀಲ ಬಸವನಕೊಪ್ಪಲಿನ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಬೂಟಿನ ದಾರ ಕಟ್ಟುತ್ತಿದ್ದವನು ತಲೆಯೆತ್ತಿದ. "ಹುಳುಕಲ್ಲಮ್ಮ. ಹೊಂಬಾಳಮ್ಮ ಕೊಟ್ಟಿದ್ದು. ಆಲೂಗಡ್ಡೆ ಕಿತ್ತ ಹೊಲದಲ್ಲಿ ಹಾಕಿದ್ರಂತೆ, ಮನೆಗೆ ಅಂತ ಎರಡು ಸೇರು ಕೊಟ್ರು."

ಭಾನುಮತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಹುರುಳಿಗೆ ಯಾರೂ ಸುಪ್ತಿ ಹೊಡೆಯುವುದಿಲ್ಲ. ಅದಕ್ಕೆ ಮೂರ್ನಲ್ಲಿಯ ಒಂದು ಹನಿಯೂ ಹೋಗುವುದಿಲ್ಲ. ಅದು ಆ ಮಣ್ಣಿನಲ್ಲಿ ಬೆಳೆದದ್ದು, ಅಷ್ಟೆ.

"ಆ ಕಾಳು ಚೆಲ್ಲಬೇಡಿ ಅತ್ತೆ."

"ಚೆಲ್ಲಕ್ಕೆ ನಂಗೇನು ಹುಚ್ಚೇ? ಬೇಯಿಸ್ತೀನಿ."

"ಬೇಯಿಸಲೂಬೇಡಿ."

ಮುದುಕಿ ಮಗನ ಮುಖ ನೋಡಿದಳು. ಜಯಶೀಲ ಹೆಗಲು ಕುಣಿಸಿ ಹೊರಟುಹೋದ.

ಮುಂದಿನ ಒಂದು ತಿಂಗಳು ಭಾನುಮತಿ ಕೇಂದ್ರದ ಹಿಂದಿನ ಗಾಜಿನ ಮನೆಯಲ್ಲಿ ಕುಂಡಗಳ ನಡುವೆ ಕಳೆದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೆಲವು ಕುಂಡಗಳಿಗೆ ಸುಪ್ತಿಯೊಂದನ್ನೇ ಹಾಕಿದಳು. ಕೆಲವಕ್ಕೆ ಸುಪ್ತಿ ಮತ್ತು ರಸಗೊಬ್ಬರ, ಕೆಲವಕ್ಕೆ ಸುಪ್ತಿ ಮತ್ತು ಕೊಟ್ಟಿಗೆ ಗೊಬ್ಬರ. ಎಲ್ಲ ಕುಂಡಗಳಲ್ಲೂ ಅಂಗಡಿಯಿಂದ ತಂದ ಹುರುಳಿ ಬಿತ್ತಿದಳು. ಎಲ್ಲ ಮೊಳೆತವು. ಅವಳಿಗೆ ತಾನೇ ತಪ್ಪು ಎಣಿಸಿದೆನೇನೋ ಎನ್ನಿಸಿತು. ಆಮೇಲೆ ಮೂರನ್ನೂ ಸೇರಿಸಿದ ಕುಂಡಗಳನ್ನು ಮಾಡಿದಳು. ಅವೂ ಮೊಳೆತವು. ಆ ಸಂಜೆ ಅವಳು ಕುಂಡವೊಂದನ್ನು ಒದ್ದು ಉರುಳಿಸಿ, ಕಾಲು ನೋಯಿಸಿಕೊಂಡು, ಉರುಳಿದ ಮಣ್ಣನ್ನು ತಾನೇ ಬಾಚಿ ತುಂಬಿದಳು.

ಬಾಚುವಾಗಲೇ ಹೊಳೆದದ್ದು. ಆ ಗೊಬ್ಬರ ಕೇಂದ್ರದ ದನಗಳದು. ಕೇಂದ್ರದ ದನಗಳು ತಿನ್ನುವುದು ಕೊಂಡು ತಂದ ಜೋಳದ ಮೇವನ್ನು. ಹೊಂಬಾಳಮ್ಮನ ದನಗಳು ತಿನ್ನುವುದು ಆಲೂಗಡ್ಡೆಯ ಸೊಪ್ಪು, ಸಿಪ್ಪೆ, ಮಾರಲಾಗದ ಪುಡಿಗೆಡ್ಡೆ. ಬಸವನಕೊಪ್ಪಲಿನ ಕೊಟ್ಟಿಗೆಗಳಿಂದ ಎರಡು ಚೀಲ ಗೊಬ್ಬರ ತರಿಸಿ ಮತ್ತೆ ಕುಂಡ ತುಂಬಿದಳು. ರಸಗೊಬ್ಬರ ಹಾಕದ ಕುಂಡಗಳಲ್ಲಿ ಕಾಳು ಮೊಳೆತವು. ರಸಗೊಬ್ಬರ ಹಾಕಿದ ಕುಂಡಗಳಲ್ಲಿ ಒಂದೂ ಮೊಳೆಯಲಿಲ್ಲ.

ವಿಷಯ ಇಷ್ಟೇ ಆಗಿತ್ತು. ಬಯಲಿನ ಬಿಸಿಲಿಗೆ, ಮಳೆಗೆ ಸುಪ್ತಿ ಕರಗುತ್ತದೆ, ಅದು ಸರಿ. ಆದರೆ ಸೊಪ್ಪಿನ ಜೊತೆ ದನದ ಹೊಟ್ಟೆಗೆ ಹೋದದ್ದು ಜೀರ್ಣವಾಗದೆ ಸಗಣಿಗೆ ಬರುತ್ತದೆ. ಚೆನ್ನಾಗಿ ಕಳಿತ ಗೊಬ್ಬರದ ಕಪ್ಪು ಕಣಗಳಿಗೆ ಅಂಟಿಕೊಂಡು ಯಾರ ಕೈಗೂ ಸಿಗದೆ ಕೂರುತ್ತದೆ. ಹಾಗೆ ಕೂತಿದ್ದರೆ ಯಾರಿಗೂ ತೊಂದರೆಯಿಲ್ಲ. ಮೇಲೆ ಯೂರಿಯಾ ಬಿದ್ದಾಗ ಮಣ್ಣಿನ ಹುಳಿ ಇಳಿದು ಆ ಅಂಟು ಬಿಡುತ್ತದೆ. ಬಿಟ್ಟ ಸುಪ್ತಿ ಬೇರಿಗೆ, ಬೇರಿನಿಂದ ಗೆಡ್ಡೆಗೆ. ಆ ಗಿಡದ ಸೊಪ್ಪು ಮತ್ತೆ ದನಕ್ಕೆ. ವರ್ಷ ವರ್ಷಕ್ಕೂ ಸುತ್ತು ದಪ್ಪವಾಗುತ್ತ ಹೋಗುತ್ತದೆ. ಮೂರರಲ್ಲಿ ಯಾವುದೂ ಒಂಟಿಯಾಗಿ ತಪ್ಪು ಮಾಡುವುದಿಲ್ಲ. ಮೂರೂ ಕೂಡಿ, ನಡುವೆ ಒಂದು ದನ ನಿಂತರೆ, ಬೀಜ ಸಾಯದೆ ಸತ್ತಂತಾಗುತ್ತದೆ. ಯಾರು ಹೊಲಕ್ಕೆ ಹೆಚ್ಚು ಗೊಬ್ಬರ ಹೊತ್ತಿದ್ದರೋ ಅವರ ಬೀಜವೇ ಹೆಚ್ಚು ಗಾಢವಾಗಿ ಮಲಗಿತ್ತು. ಇವತ್ತು ಹುರುಳಿ, ನಾಳೆ ಅದೇ ಹೊಲದ ರಾಗಿ.

ಅವಳು ಕುಂಡಗಳ ಚಿತ್ರ ತೆಗೆದುಕೊಂಡು ಸಭೆಗೆ ಹೋದಳು. ಡಾಕ್ಟರ್ ಚಂದ್ರಮೌಳಿ ಕನ್ನಡಕ ಒರೆಸಿಕೊಂಡು ಒಂದೊಂದನ್ನೂ ನೋಡಿದರು. ಮುಖ ಅರಳಿತು.

"ಬಹಳ ಚೆನ್ನಾಗಿ ಹಿಡಿದಿದೀರಿ. ಇದು ದೊಡ್ಡ ಕೆಲಸ."

"ಹಾಗಾದ್ರೆ ಮೂರನೇ ಕೊಳವೆ ಮುಚ್ಚಬೇಕು ಸಾರ್. ಈ ವರ್ಷವೇ."

"ಮೂರನೇದು ಯಾಕೆ? ಮೊದಲನೇದು ಮುಚ್ಚಿದ್ರೆ ಸಾಕಲ್ಲ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವರು ವಿವರಿಸಿದರು. "ಗೊಬ್ಬರಕ್ಕೆ ತಾನೇ ಅಂಟಿಕೊಳ್ಳೋದು? ಕೊಟ್ಟಿಗೆ ಗೊಬ್ಬರ ನಿಲ್ಲಿಸಿದ್ರೆ ಸುತ್ತು ಮುರೀತು. ಸುಪ್ತಿ ನಿಲ್ಲಿಸೋಕೆ ಆಗುತ್ತಾ ಹೇಳಿ. ಗೆಡ್ಡೆ ಇಡೋಕೆ ಜಾಗ ಎಲ್ಲಿದೆ? ಶೈತ್ಯಾಗಾರ ಒಂದೂ ಉಳಿದಿಲ್ಲ. ಎಲ್ಲಾ ಕಿತ್ತ ವಾರದಲ್ಲೇ ಮಾರುಕಟ್ಟೆಗೆ ಬಂದ್ರೆ ರಸ್ತೇಲಿ ಸುರೀಬೇಕಾಗುತ್ತೆ. ಆ ದಿನ ನೋಡಿದೀರಲ್ಲ ನೀವು."

"ಸಾರ್, ಮಣ್ಣಲ್ಲಿ ಈಗಾಗ್ಲೇ ಇದೆ. ಗೊಬ್ಬರ ನಿಲ್ಲಿಸಿ ಯೂರಿಯಾ ಮುಂದುವರಿಸಿದ್ರೆ ಇರೋದೆಲ್ಲ ಬಿಡ್ತಾನೇ ಹೋಗುತ್ತೆ. ಮಣ್ಣೂ ಸಾಯುತ್ತೆ. ಇಷ್ಟು ವರ್ಷ ಊರೂರು ತಿರುಗಿ ಗೊಬ್ಬರ ಹಾಕಿ ಅಂತ ಹೇಳಿದವಳು ನಾನು."

"ಅದಕ್ಕೇ ನೀವು ಹೇಳಿದ್ರೆ ನಂಬ್ತಾರೆ."

ಹದಿನೈದು ದಿನದಲ್ಲಿ ಆದೇಶ ಬಂತು. ಊರೂರ ತೊಟ್ಟಿಯಲ್ಲಿ ಗೊಬ್ಬರದ ಕೊಳವೆಗೆ ಮುಚ್ಚಳ ಬಿತ್ತು. ಆದೇಶದ ಮೊದಲ ಸಾಲಿನಲ್ಲೇ ಅವಳ ಹೆಸರಿತ್ತು: ಡಾಕ್ಟರ್ ಭಾನುಮತಿ ಅವರ ಸಂಶೋಧನೆಯ ಆಧಾರದ ಮೇಲೆ. ತನ್ನ ಕುಂಡಗಳ ಚಿತ್ರವನ್ನೇ ಗೊಬ್ಬರದ ವಿರುದ್ಧದ ಭಿತ್ತಿಪತ್ರದಲ್ಲಿ ನೋಡಿದಾಗ ಅವಳು ಬಸ್ ನಿಲ್ದಾಣದಲ್ಲಿ ನಿಂತೇ ಇದ್ದು ಎರಡು ಬಸ್ಸು ತಪ್ಪಿಸಿಕೊಂಡಳು.

ಆ ಮುಂಗಾರಿನಲ್ಲಿ ಸೀಮೆಯ ಬಹುಪಾಲು ಹೊಲಗಳಿಗೆ ಆಲೂಗಡ್ಡೆ ಬೀಳಲಿಲ್ಲ. ಕೆಲವರು ಮುಸುಕಿನ ಜೋಳ ಹಾಕಿದರು, ಕೆಲವರು ಬೀಳು ಬಿಟ್ಟರು. ಮಲಗಿದ ಬೀಜದ ರಾಶಿಯನ್ನು ಮಾರಿದರು, ತಿಂದರು, ದನಕ್ಕೆ ಹಾಕಿದರು. ದನಕ್ಕೆ ಹಾಕಬೇಡಿ ಎಂದು ಅವಳು ಮನೆಮನೆಗೆ ಹೋಗಿ ಹೇಳಿದಳು. ಹಾಗಾದರೆ ನೀವೇ ತಿನ್ನಿ ಎಂದು ಒಬ್ಬ ಬಾಗಿಲು ಹಾಕಿಕೊಂಡ. ಕೊಟ್ಟಿಗೆಗಳ ಹಿಂದೆ ಗೊಬ್ಬರದ ಗುಡ್ಡೆಗಳು ಹೊಲಕ್ಕೆ ಹೋಗದೆ ಬೆಳೆದು, ಮಳೆಗೆ ಕರಗಿ ದಾರಿಗೆ ಹರಿದವು. ಹೆಂಗಸರು ಸೀರೆ ಎತ್ತಿ ಹಿಡಿದು ನಡೆಯುತ್ತಿದ್ದರು.

ಹೊಂಬಾಳಮ್ಮ ಅವಳನ್ನು ತನ್ನ ಗುಡ್ಡೆಯ ಮುಂದೆ ನಿಲ್ಲಿಸಿಕೊಂಡಳು.

"ಗೊಬ್ಬರ ಹಾಕವ್ವ, ಗೊಬ್ಬರ ಹಾಕವ್ವ ಅಂತ ಹೇಳ್ದೋಳು ನೀನು. ಹಾಕ್ದೆ. ಸೊಂಟ ಬಿದ್ದೋಗೋವರ್ಗೂ ಹೊತ್ತು ಹಾಕ್ದೆ. ಈಗ ಗೊಬ್ಬರ ಪಾಪ ಅಂತ ಗೋಡೆಗೆ ಅಂಟಿಸಿದೀಯ."

"ನಾನು ಹಾಗೆ ಹೇಳಿಲ್ಲ ಹೊಂಬಾಳಮ್ಮ."

"ನಿನ್ನೆಸರು ಐತೆ."

"ಹೆಸರಿದೆ. ನಾನು ಹೇಳಿದ್ದು ಅದಲ್ಲ."

"ನೀನು ಏನ್ ಹೇಳ್ದೆ ಅನ್ನೋದು ನಂಗ್ಯಾಕವ್ವ? ನಂಗೆ ಬಿತ್ತಕ್ಕೆ ಬೀಜ ಬೇಕು. ಎದ್ದಿರೋ ಬೀಜ."

ಎದ್ದಿರುವ ಬೀಜ ಎಲ್ಲೂ ಇರಲಿಲ್ಲವೆಂದಲ್ಲ. ಗೊಬ್ಬರ ಹೊರುವುದಕ್ಕೆ ಸೋಮಾರಿತನ ಮಾಡಿದವರ ಮನೆಗಳಲ್ಲಿ, ಗೆಡ್ಡೆಯ ರಾಶಿಯ ತಳದಲ್ಲಿ, ಗೋಲಿಯಷ್ಟು ಗಾತ್ರದ ಕೆಲವು ಅರೆಗಣ್ಣು ಬಿಟ್ಟಿದ್ದವು. ಭಾನುಮತಿ ಹಳ್ಳಿ ಹಳ್ಳಿ ಸುತ್ತಿ ಅಂಥವನ್ನು ಆರಿಸಿ ತಂದಳು. ಆರಿಸಿದ್ದು ಎರಡು ಮೂಟೆಯೂ ಆಗಲಿಲ್ಲ. ಅದನ್ನು ಬಿತ್ತಲು ಸುಪ್ತಿಯಿಲ್ಲದ ಮಣ್ಣು ಬೇಕು. ಉತ್ತ ಹೊಲಗಳಲ್ಲಿ ಅಂಥದ್ದು ಸಿಗಲಿಲ್ಲ. ಗೋಮಾಳದಲ್ಲಿ ಒಂದು ಗೇಣು ಮಣ್ಣಿನ ಕೆಳಗೆ ಬಂಡೆ. ಕೆರೆಯಂಗಳಕ್ಕೆ ಎಲ್ಲ ಹೊಲಗಳ ನೀರೂ ಇಳಿದಿತ್ತು. ಗೊಬ್ಬರವನ್ನೇ ಕಾಣದ, ಯೂರಿಯಾ ಮುಟ್ಟದ, ಒಂದೆರಡು ಎಕರೆ ಸಮತಟ್ಟಾದ ನೆಲ ಊರಿನಲ್ಲಿ ಒಂದೇ ಇತ್ತು. ಅದು ಶಾಲೆಯ ಆಟದ ಮೈದಾನ.

ಅವಳು ಊಟದ ಹೊತ್ತಿನಲ್ಲಿ ಕೇಳಿದಳು. ಜಯಶೀಲ ಮುದ್ದೆ ಮುರಿಯುವುದನ್ನು ನಿಲ್ಲಿಸಿದ.

"ಗ್ರೌಂಡ್ ಉಳ್ತೀಯಾ?"

"ಒಂದು ಬೆಳೆಗೆ."

"ಆ ಗ್ರೌಂಡ್ ಹೇಗಾಯ್ತು ಗೊತ್ತಾ ನಿಂಗೆ? ಎಂಟು ವರ್ಷ ನಾನೂ ಮಕ್ಕಳೂ ಕಲ್ಲು ಆರಿಸಿದೀವಿ. ಹೋದ ವರ್ಷ ನಮ್ಮ ಹೆಣ್ಣುಮಕ್ಕಳು ಖೋಖೋದಲ್ಲಿ ವಿಭಾಗಮಟ್ಟಕ್ಕೆ ಹೋದ್ರು. ಈ ಸಲ ರಾಜ್ಯಕ್ಕೆ ಹೋಗ್ತಾರೆ. ಎಲ್ಲಿ ಆಡ್ಸಲಿ? ಸಾಲಿನ ಮಧ್ಯೆ?"

"ಬೇರೆ ಮಣ್ಣಿಲ್ಲ ಜಯ."

"ನಿಮ್ಮ ಕೇಂದ್ರದ ನೂರು ಎಕರೆ ಇದೆಯಲ್ಲ."

"ಅದಕ್ಕೆ ಅಪ್ಪಣೆ ಕೇಳ್ದೆ. ಎರಡು ಸಲ ಕೇಳ್ದೆ. ಹೊಸ ಮಿಶ್ರಣದ ಪ್ರಯೋಗಕ್ಕೆ ಬೇಕಂತೆ."

"ಅವರ ಹತ್ರ ಸೋತು ನನ್ನ ಹತ್ರ ಬಂದೆ ಅನ್ನು."

ಆ ಮಾತು ಅವಳಿಗೆ ನಾಟಿತು. ನಿಜವಾಗಿದ್ದರಿಂದಲೇ ಹೆಚ್ಚು ನಾಟಿತು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ದೇವೀರಮ್ಮ ಇಬ್ಬರ ಮುಖವನ್ನೂ ನೋಡಿ, ಉಪ್ಪಿನಕಾಯಿಯ ಜಾಡಿಯನ್ನು ಮುಚ್ಚಿಟ್ಟಳು.

ಕೊನೆಗೆ ಮೈದಾನ ಸಿಕ್ಕಿದ್ದು ಅವನು ಒಪ್ಪಿದ್ದರಿಂದಲ್ಲ. ಶಾಲೆಯ ಸಮಿತಿಯ ಸಭೆಯಲ್ಲಿ ಹೊಂಬಾಳಮ್ಮ ಎದ್ದು ನಿಂತು, ಈ ಸಲ ಬೀಜ ಆಗಲಿಲ್ಲ ಅಂದ್ರೆ ಅರ್ಧ ಊರು ಮಕ್ಕಳನ್ನು ಕಟ್ಟಿಕೊಂಡು ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತೆ, ಆಗ ಮೈದಾನದಲ್ಲಿ ಯಾರನ್ನು ಓಡಿಸ್ತೀರಿ ಮೇಷ್ಟ್ರೇ ಎಂದಳು. ಕೈಗಳು ಮೇಲೆದ್ದವು. ಜಯಶೀಲನ ಕೈ ಏಳಲಿಲ್ಲ. ಮಾರನೆಯ ದಿನ ಅವನೇ ಖೋಖೋ ಕಂಬಗಳನ್ನು ಕಿತ್ತು ಹೆಗಲ ಮೇಲಿಟ್ಟುಕೊಂಡು ಹೋದ. ಭಾನುಮತಿ ಎದುರಿಗೇ ನಿಂತಿದ್ದಳು. ಅವನು ದಾರಿ ಬಿಟ್ಟು ಪಕ್ಕದಿಂದ ಹೋದ.

ಆ ನೆಲ ಅಂಗಳದಂತೆ ಗಟ್ಟಿಯಾಗಿತ್ತು. ನೇಗಿಲು ಎರಡು ಸಲ ಮುರಿಯಿತು. ಗೋಮಾಳದಲ್ಲಿ ಮೇಯುವ ಕುರಿಗಳು ಮೂರ್ನಲ್ಲಿಯ ಸೊಪ್ಪನ್ನು ಮುಟ್ಟಿಲ್ಲವೆಂದು ಕುರುಬರನ್ನು ಬೇಡಿಕೊಂಡು ಮೈದಾನದಲ್ಲೇ ಮಂದೆ ಹಾಕಿಸಿದಳು. ಬೆಳಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳು ಕುರಿಗಳ ಜೊತೆಗೇ ಕೂಗಿದರು, ಮುಖ್ಯೋಪಾಧ್ಯಾಯರು ಅವಳನ್ನು ಕರೆಸಿ ಎಚ್ಚರಿಕೆ ಕೊಟ್ಟರು. ಕುರಿಗೊಬ್ಬರದ ಮೇಲೆ ಅವಳು ಅಳೆದು ಸ್ವಲ್ಪವೇ ಸ್ವಲ್ಪ ರಸಗೊಬ್ಬರ ಹಾಕಿದಳು. ರಸಗೊಬ್ಬರ ಬೇಡವೇ ಬೇಡ ಎನ್ನಲು ಬಂದ ಸಾವಯವ ಸಂಘದವರ ಜೊತೆ ಅದಕ್ಕೂ ಒಂದು ಜಗಳವಾಯಿತು. ಗೋಲಿಗೆಡ್ಡೆಗಳನ್ನು ಎಬ್ಬಿಸುವ ನೀರಲ್ಲಿ ತಾನೇ ಅದ್ದಿ, ಅರ್ಧ ಗಂಟೆ ಇಟ್ಟು, ನೆರಳಲ್ಲಿ ಒಣಗಿಸಿದಳು. ಅವಳ ಬದುಕಿನ ಕೆಲಸವೆಂದರೆ ಇದೇ ಆಗಿತ್ತು. ಗೊಬ್ಬರ, ರಸಗೊಬ್ಬರ, ಚೋದಕ, ಮೂರನ್ನೂ ಹದವಾಗಿ ಕೂಡಿಸುವುದು. ಅದನ್ನು ಈಗ ಕೊಳವೆಯಿಲ್ಲದೆ, ಮಣ್ಣುಮುಳ್ಳಿಲ್ಲದೆ, ಕೈಯಿಂದ, ರಜೆ ಹಾಕಿ ಮಾಡುತ್ತಿದ್ದಳು. ಸುಪ್ತಿಯ ಹನಿ ಮಾತ್ರ ಇರಲಿಲ್ಲ.

ಗಿಡ ಬಂತು. ಸಾಲುಗಳಲ್ಲಿ ಅಲ್ಲಲ್ಲಿ ಖಾಲಿ ಬಿದ್ದಿತ್ತು, ಬಂದದ್ದು ಗಟ್ಟಿಯಾಗಿತ್ತು. ಒಂದು ವಾರ ಮೋಡ ಕವಿದು ಅಂಗಮಾರಿ ಬಂದಾಗ ಮೂಲೆಯ ನಾಲ್ಕು ಸಾಲನ್ನು ಕಿತ್ತು ಸುಟ್ಟಳು. ಹೊಂಬಾಳಮ್ಮ ದಿನಾ ಬಂದು ಬದುವಿನ ಮೇಲೆ ಕೂತು ನೋಡಿಕೊಂಡು ಹೋಗುತ್ತಿದ್ದಳು. ಒಂದು ದಿನ ನಸ್ರೀನ್ ಸ್ಕೂಟರಿನಲ್ಲಿ ಬಂದಳು.

"ಮೇಡಮ್, ಉಪಗ್ರಹದ ಚಿತ್ರ ನೋಡಿ ಗೋಡೆ ನಿಮ್ಮ ಮೈದಾನವನ್ನ ಕೆಂಪಗೆ ತೋರಿಸ್ತಿದೆ. ನಿರ್ದೇಶಕರು ಕೇಳಿದ್ರು. ಆಟದ ಮೈದಾನ, ಏನೋ ತಪ್ಪು ಸುದ್ದಿ ಅಂದೆ."

"ಸುಳ್ಳು ಹೇಳಿದ್ಯಾ?"

"ಮೈದಾನ ಅಂದೆ. ಮೈದಾನವೇ ತಾನೆ?"

ದೀಪಾವಳಿಯ ಹೊತ್ತಿಗೆ ಗೆಡ್ಡೆ ಕಿತ್ತರು. ಕೋಳಿಮೊಟ್ಟೆಯಷ್ಟು ಗಾತ್ರದವು, ಬಿತ್ತನೆಗೆ ಹೇಳಿ ಮಾಡಿಸಿದ ಹಾಗೆ. ಶಾಲೆಯ ಜಗಲಿಯ ಮೇಲೆ ಹರವಿದರು. ಒಂದಷ್ಟು ದಿನ ಬಿಟ್ಟು ಭಾನುಮತಿ ಒಂದು ಹಿಡಿ ಗೆಡ್ಡೆಯನ್ನು ಎಬ್ಬಿಸುವ ನೀರಿಗೆ ಹಾಕಿ ನೋಡಿದಳು. ವಾರ ತುಂಬುವ ಮುಂಚೆ ಪ್ರತಿಯೊಂದರಲ್ಲೂ ಬಿಳಿಯ ಮೊನೆ ಕಂಡಿತು. ಹೊಂಬಾಳಮ್ಮ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅದೇ ವಾರ ಕೇಂದ್ರದಿಂದ ಊರೂರಿಗೆ ಗಾಡಿಗಳು ಬಂದವು. ಧ್ವನಿವರ್ಧಕದಲ್ಲಿ ಹೆಣ್ಣುಧ್ವನಿಯೊಂದು ಸಾರುತ್ತ ಹೋಯಿತು. ಗೊಬ್ಬರವಿಲ್ಲದ ಹೊಸ ಮಿಶ್ರಣ ಸಿದ್ಧವಾಗಿದೆ, ಬಿತ್ತನೆಗೆ ಪ್ರಯೋಗಾಲಯದ ಸಸಿಗಳನ್ನು ಕೇಂದ್ರವೇ ಕೊಡುತ್ತದೆ, ಇನ್ನು ಮುಂದೆ ರೈತರು ಬೀಜ ಇಟ್ಟುಕೊಳ್ಳುವ ತೊಂದರೆಯೇ ಬೇಡ. ಜನ ತಲೆದೂಗಿದರು. ಒಂದು ವರ್ಷ ಕಾದು ಕಾದು ಅವರಿಗೆ ಸಾಕಾಗಿತ್ತು.

ಭಾನುಮತಿ ಜಗಲಿಯ ಮೇಲೆ ನಿಂತು ಹೇಳಿದಳು. ಮಣ್ಣಲ್ಲಿ ಸುಪ್ತಿ ಹಾಗೇ ಇದೆ, ಆ ಸಸಿಯ ಗೆಡ್ಡೆಯೂ ಏಳುವುದಿಲ್ಲ, ಪ್ರತಿ ವರ್ಷ ಸಸಿಗೆ ಅವರ ಬಾಗಿಲಿಗೇ ಹೋಗಬೇಕಾಗುತ್ತದೆ, ಹುರುಳಿ ಹೋಯಿತು, ರಾಗಿಯೂ ಹೋಗುತ್ತದೆ. ಯೂರಿಯಾ ಮುಟ್ಟಿಸದೆ ಮೂರು ಮಳೆಗಾಲ ಹೊಲ ತೊಳೆಯಲಿ, ಅಲ್ಲಿಯವರೆಗೆ ಈ ಬೀಜ ಉಳಿಸಿಕೊಳ್ಳೋಣ.

"ಮೂರು ವರ್ಷ ಏನು ತಿನ್ನಾಣ ಮೇಡಮ್?" ಎಂದು ಹಿಂದಿನಿಂದ ಒಬ್ಬ ಕೇಳಿದ. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ. ಅವಳ ಬಳಿ ಅದಕ್ಕೆ ಅರ್ಧ ಉತ್ತರ ಮಾತ್ರ ಇತ್ತು. ಅರ್ಧ ಉತ್ತರ ಹೇಳುವಷ್ಟರಲ್ಲಿ ಜಗಲಿಯ ಮುಂದೆ ಅರ್ಧ ಜನ ಉಳಿದಿದ್ದರು. ಸಂಜೆ ಲೆಕ್ಕ ಹಾಕಿದಾಗ ಬೀಜ ಒಯ್ದದ್ದು ಹತ್ತು ಹನ್ನೆರಡು ಮನೆ. ಅದರಲ್ಲಿ ಎರಡು ಮನೆಯವರು ರುಚಿ ನೋಡುವುದಕ್ಕೆ ಎಂದು ಆ ರಾತ್ರಿಯೇ ಬೇಯಿಸಿಕೊಂಡು ತಿಂದರು ಎಂದು ಮರುದಿನ ಗೊತ್ತಾಯಿತು.

"ತಿನ್ಲಿ ಬಿಡು," ಎಂದಳು ಹೊಂಬಾಳಮ್ಮ. ತನ್ನ ಪಾಲಿನ ಬುಟ್ಟಿಯ ಮೇಲೆ ಗೋಣಿ ಹೊದಿಸುತ್ತಿದ್ದಳು. "ಉಳಿದೋರು ಬಿತ್ತಾರೆ. ಮುಂದ್ಲೊರ್ಷ ಇವ್ರೆಲ್ಲಾ ನಮ್ಮ ಬಾಗಿಲಿಗೆ ಬತ್ತಾರೆ. ಆಗ ನಾನೇನ್ ಸುಮ್ನೆ ಕೊಡ್ತೀನಾ? ನಾಲ್ಕು ಮಾತು ಅಂದೇ ಕೊಡದು." ಸ್ವಲ್ಪ ಬಿಟ್ಟು ಕೇಳಿದಳು. "ನಮ್ಮ ಹೊಲ ತೊಳೆಯೋವರ್ಗೂ ಇದನ್ನ ಎಲ್ಲಿ ಬಿತ್ತದು?"

ಅದೇ ಪ್ರಶ್ನೆ ಭಾನುಮತಿಯ ಎದೆಯ ಮೇಲೆ ಬೆಳಗ್ಗೆಯಿಂದ ಕೂತಿತ್ತು. ಹೋಗಿ ಜಯಶೀಲನನ್ನು ಕೇಳಲೇಬೇಕಿತ್ತು.

ಆಲೂಗಡ್ಡೆ ಮಾರುಕಟ್ಟೆಯ ಪ್ರಾಂಗಣ ಆ ವರ್ಷ ಖಾಲಿ ಬಿದ್ದಿತ್ತು. ಸುಗ್ಗಿಯಲ್ಲಿ ಲಾರಿಗಳು ತಿರುಗಲು ಜಾಗವಿಲ್ಲದಂತಿರುತ್ತಿದ್ದ ಹರಾಜುಕಟ್ಟೆಯ ಮುಂದೆ, ಸಿಮೆಂಟಿನ ನೆಲದ ಮೇಲೆ ಜಯಶೀಲ ಎರಡು ಡಬ್ಬಗಳಿಗೆ ಮಣ್ಣು ತುಂಬಿ ಕಂಬ ನಿಲ್ಲಿಸಿದ್ದ. ಎಂಟು ಹುಡುಗಿಯರು ಸಾಲಾಗಿ ಬೆನ್ನು ತಿರುಗಿಸಿ ಕೂತಿದ್ದರು. ಒಬ್ಬಳು ಕಂಬ ಹಿಡಿದು ತಿರುಗುವಾಗ ಜಾರಿ, ಮೊಣಕಾಲು ತರಚಿ, ಎದ್ದು ಮತ್ತೆ ಓಡಿದಳು. ಎಲ್ಲರ ಮೊಣಕಾಲಿಗೂ ಪಟ್ಟಿ ಇತ್ತು. ರಾಜ್ಯಕ್ಕೆ ಹೋಗುವ ಆಯ್ಕೆ ಹೋದ ತಿಂಗಳೇ ಮುಗಿದಿತ್ತು. ಇವರ ಹೆಸರು ಅದರಲ್ಲಿರಲಿಲ್ಲ. ಅದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ, ಅವಳು ಪತ್ರಿಕೆಯಲ್ಲಿ ಓದಿದ್ದಳು.

ಅವಳು ಹರಾಜುಕಟ್ಟೆಯ ಮೆಟ್ಟಿಲ ಮೇಲೆ ಕೂತಳು. ಆಟ ನಿಂತಾಗ ಅವನು ಬಂದು ಸ್ವಲ್ಪ ದೂರದಲ್ಲಿ ಕೂತು ಬೆವರು ಒರೆಸಿಕೊಂಡ.

"ಮೊಳೆತಿದಾವಂತೆ," ಎಂದ.

"ಎಲ್ಲಾ ಮೊಳೆತವೆ."

"ಒಳ್ಳೇದಾಯ್ತು."

ಅವಳು ಮಾತನ್ನು ಹೇಗೆ ಶುರುಮಾಡುವುದೆಂದು ಹುಡುಕುತ್ತಿದ್ದಳು. ಗಾಜಿನ ಮನೆಯಲ್ಲಿ, ಸಭೆಯಲ್ಲಿ, ಜಗಲಿಯ ಮೇಲೆ ಅವಳು ಇಡೀ ವರ್ಷ ಸರಿಯಾದ ಮಾತನ್ನೇ ಆಡಿದ್ದಳು. ಒಂದೂ ನಾಟಿರಲಿಲ್ಲ. ಈ ಮಾತು ನಾಟುತ್ತದೆಂದು ಗೊತ್ತಿತ್ತು, ಅದಕ್ಕೇ ಬಾಯಿಗೆ ಬರುತ್ತಿರಲಿಲ್ಲ.

"ಇನ್ನೂ ಮೂರು ವರ್ಷ ಬೇಕು ಜಯ. ಮೈದಾನ."

ಅವನು ಹುಡುಗಿಯರ ಕಡೆ ನೋಡುತ್ತ ಕೂತಿದ್ದ. ತರಚಿಕೊಂಡವಳು ಉಗುಳು ಹಚ್ಚಿ ಮೊಣಕಾಲು ಉಜ್ಜಿಕೊಳ್ಳುತ್ತಿದ್ದಳು.

"ಈ ಮಕ್ಕಳು ಮುಂದಿನ ವರ್ಷ ಶಾಲೆ ಬಿಡ್ತಾರೆ," ಎಂದ. "ಅವರಿಗೆ ಇನ್ನೊಂದು ವರ್ಷ ಇಲ್ಲ ಭಾನು."

ಅವನು ಎದ್ದು, ಬಾಯಿಗೆ ಸೀಟಿ ಇಟ್ಟುಕೊಂಡು, ಊದದೆ ತೆಗೆದ.

"ಇಲ್ಲಿ ಈ ಸಿಮೆಂಟಿನ ಮೇಲೆ ಹಾಕಕ್ಕೆ ಮಣ್ಣು ಬೇಕು. ಮೂರು ಟ್ರ್ಯಾಕ್ಟರ್ ಮಣ್ಣು. ಮೆತ್ತಗಿರೋದು, ಕಲ್ಲಿಲ್ಲದ್ದು. ನಿನ್ನ ಹೊಂಬಾಳಮ್ಮಂಗೆ ಹೇಳು, ಅವರ ಹೊಲದ್ದೇ ಕೊಡಲಿ. ಏನೂ ಮೊಳೀದಿದ್ರೂ ಪರವಾಗಿಲ್ಲ, ನಮಗೆ ಬೀಳೋಕೆ ಬೇಕು."

ಸೀಟಿ ಊದಿದ. ಹುಡುಗಿಯರು ಎದ್ದು ಸಾಲಿಗೆ ಕೂತರು. ಭಾನುಮತಿ ಟ್ರ್ಯಾಕ್ಟರ್ ಯಾರ ಮನೆಯಲ್ಲಿ ಬಿಡುವಾಗಿದೆ ಎಂದು ಯೋಚಿಸುತ್ತ ಎದ್ದಳು.